ಎರಡನೇ ವರ್ಷದಲ್ಲೇ ಫಾರ್ಮಸಿಗೆ ಅರ್ಜಿ: ಒಂದು ಆಪ್ತಸಲಹೆ ಪ್ರಕರಣ

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಂದ ಪ್ರತಿ ವರ್ಷ ಸೆಪ್ಟೆಂಬರ್ ಹೊತ್ತಿಗೆ ನನಗೆ ತಪ್ಪದೆ ಬರುವ ಪ್ರಶ್ನೆ ಒಂದಿದೆ. ಮಗಳೋ ಮಗನೋ ಕಾಲೇಜಿನ ಎರಡನೇ ವರ್ಷಕ್ಕೆ ಬಂದಿದ್ದಾರೆ. ಬ್ಯಾಚುಲರ್ ಪದವಿ ಮುಗಿಯುವ ತನಕ ಕಾಯದೆ ಫಾರ್ಮಸಿಸ್ಟ್ ಆಗಲು ಬೇಕಾದ ವೃತ್ತಿಪದವಿ ಫಾರ್ಮ್.ಡಿ.ಗೆ ಈಗಲೇ ಅರ್ಜಿ ಹಾಕಬಹುದೇ? ನಿಯಮದ ಪ್ರಕಾರ ಧಾರಾಳವಾಗಿ ಹಾಕಬಹುದು. ಅಲ್ಲಿನ ಬಹುಪಾಲು ಫಾರ್ಮಸಿ ಕಾಲೇಜುಗಳು ಬ್ಯಾಚುಲರ್ ಪದವಿಯನ್ನು ಕಡ್ಡಾಯ ಮಾಡಿಲ್ಲ. ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಜೀವಶಾಸ್ತ್ರ, ಅಂಗರಚನೆ, ಮೈಕ್ರೋಬಯಾಲಜಿ, ಕ್ಯಾಲ್ಕುಲಸ್, ಸಂಖ್ಯಾಶಾಸ್ತ್ರ ಮುಂತಾದ ನಿಗದಿತ ಕೋರ್ಸುಗಳು ಮುಗಿದಿದ್ದರೆ ಸಾಕು, ಅವನ್ನು ಎರಡು ವರ್ಷದಲ್ಲಿ ಮುಗಿಸಲು ಸಾಧ್ಯ, ಅದರ ಮೇಲೆ ನಾಲ್ಕು ವರ್ಷದ ಫಾರ್ಮ್.ಡಿ. ರಟ್ಗರ್ಸ್‌ನಂಥ ಕೆಲವು ವಿಶ್ವವಿದ್ಯಾಲಯಗಳು ಹೈಸ್ಕೂಲ್ ಮುಗಿದ ಕೂಡಲೇ ಆರು ವರ್ಷದ ಕೋರ್ಸಿಗೆ ಸೇರಿಸಿಕೊಳ್ಳುವುದೂ ಉಂಟು. ಎಂಟು ವರ್ಷದ ಓದು ಆರಕ್ಕೆ ಇಳಿಯುತ್ತದೆ ಎಂಬ ಈ ಲೆಕ್ಕ ತಂದೆತಾಯಿಯರಿಗೆ ಬಹಳ ಹಿಡಿಸುತ್ತದೆ. ಅದು ತಪ್ಪು ಲೆಕ್ಕವೇನಲ್ಲ, ಆದರೆ ಎಲ್ಲ ಮಕ್ಕಳಿಗೂ ಒಂದೇ ಲೆಕ್ಕವಲ್ಲ. ಆ ಕಾರಣಕ್ಕಾಗಿಯೇ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಹೆಸರು, ಊರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಸಿಂಧು ಹತ್ತೊಂಬತ್ತರ ಹುಡುಗಿ, ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರದ ವಿದ್ಯಾರ್ಥಿನಿ. ತಂದೆ ಸಾಫ್ಟ್‌ವೇರ್ ಉದ್ಯೋಗಿ. ತಾಯಿ ಕರ್ನಾಟಕದಲ್ಲಿ ಬಿ.ಫಾರ್ಮ್ ಓದಿ, ಮದುವೆಯ ನಂತರ ಅಮೆರಿಕಕ್ಕೆ ಬಂದು, ಈಗ ಒಂದು ಔಷಧ ಮಳಿಗೆಯಲ್ಲಿ ಫಾರ್ಮಸಿಸ್ಟರಿಗೆ ನೆರವಾಗುವ ಟೆಕ್ನೀಷಿಯನ್ ಆಗಿ ದುಡಿಯುತ್ತಿರುವವರು. ಮೊದಲ ಭೇಟಿಯಲ್ಲಿ ಸಿಂಧು ಮತ್ತು ಅವಳ ತಂದೆ ಮಾತ್ರ ವಿಡಿಯೋ ಕರೆಯಲ್ಲಿ ಇದ್ದರು. ಸಿಂಧು ತಾನೇ ತಯಾರಿಸಿದ್ದ ಒಂದು ಪಟ್ಟಿಯನ್ನು ಪರದೆಯ ಮೇಲೆ ತೋರಿಸಿದಳು. ಎಡಗಡೆ ಕಾಲೇಜುಗಳ ಹೆಸರು, ಮೇಲ್ಗಡೆ ಕೋರ್ಸುಗಳು. ಮುಗಿದವು ಹಸಿರು, ನಡೆಯುತ್ತಿರುವವು ಹಳದಿ, ಮುಂದೆ ತೆಗೆದುಕೊಳ್ಳಬೇಕಾದವು ಕೆಂಪು. ಒಂದು ಕಾಲೇಜು ಪ್ರಯೋಗಾಲಯ ಸಹಿತ ಮೈಕ್ರೋಬಯಾಲಜಿ ಕೇಳುತ್ತಿತ್ತು, ಇನ್ನೊಂದು ಬಯೋಕೆಮಿಸ್ಟ್ರಿ, ಮತ್ತೊಂದು ಸಾರ್ವಜನಿಕ ಭಾಷಣದ ಕೋರ್ಸು. ಇವೆಲ್ಲವನ್ನೂ ಹೊಂದಿಸಲು ಅವಳು ಮುಂದಿನ ಸೆಮಿಸ್ಟರಿಗೆ ಆರ್ಗ್ಯಾನಿಕ್ ಎರಡನೇ ಭಾಗ, ಮೈಕ್ರೋಬಯಾಲಜಿ ಮತ್ತು ಅಂಗರಚನೆಯನ್ನು ಒಟ್ಟಿಗೆ ತುಂಬಿದ್ದಳು. ಉಳಿದದ್ದನ್ನು ಬೇಸಿಗೆ ರಜೆಯಲ್ಲಿ ಕಮ್ಯುನಿಟಿ ಕಾಲೇಜಿನಲ್ಲಿ ಮುಗಿಸುವ ಯೋಜನೆ. ಪಟ್ಟಿ ಅಚ್ಚುಕಟ್ಟಾಗಿತ್ತು. ಅದರಲ್ಲಿ ಹಸಿರು ಬಹಳ ಕಡಿಮೆ ಇತ್ತು, ಇದ್ದ ಹಸಿರಿನಲ್ಲೂ ಜನರಲ್ ಕೆಮಿಸ್ಟ್ರಿಯ ಎರಡನೇ ಭಾಗದಲ್ಲಿ ಸಿ ಪ್ಲಸ್ ಎಂಬ ಸಾಧಾರಣ ದರ್ಜೆ ಬಂದಿತ್ತು.

ಇಲ್ಲಿ ಓದುಗರು ಒಂದು ವಿಷಯವನ್ನು ತಿಳಿದಿರಬೇಕು. ಎರಡು ವರ್ಷ ಓದಿ ಫಾರ್ಮಸಿಗೆ ಸೇರುವುದೆಂದರೆ, ಅರ್ಜಿ ಹೋಗುವುದು ಎರಡನೇ ವರ್ಷದ ಆರಂಭದಲ್ಲಿ. ಕೇಂದ್ರೀಕೃತ ಅರ್ಜಿ ವ್ಯವಸ್ಥೆಯಾದ ಫಾರ್ಮ್‌ಕ್ಯಾಸ್ ಪ್ರತಿ ವರ್ಷ ಜೂನ್-ಜುಲೈ ಹೊತ್ತಿಗೆ ತೆರೆದುಕೊಳ್ಳುತ್ತದೆ, ಅನೇಕ ಕಾಲೇಜುಗಳು ಅರ್ಜಿಗಳು ಬಂದ ಹಾಗೆ ಪರಿಶೀಲಿಸುತ್ತ ಹೋಗುತ್ತವೆ. ಆಗ ಅವರ ಕಣ್ಣಿಗೆ ಬೀಳುವುದು ಮೊದಲ ವರ್ಷದ ಅಂಕಗಳು ಮಾತ್ರ; ಆರ್ಗ್ಯಾನಿಕ್ ಕೆಮಿಸ್ಟ್ರಿ ಇನ್ನೂ 'ನಡೆಯುತ್ತಿದೆ' ಎಂಬ ಸಾಲಿನಲ್ಲಿರುತ್ತದೆ. ಪ್ರವೇಶ ಸಿಕ್ಕರೂ ಅದು ಉಳಿದ ಕೋರ್ಸುಗಳನ್ನು ನಿಗದಿತ ದರ್ಜೆಯಲ್ಲಿ ಮುಗಿಸಿದರೆ ಎಂಬ ಷರತ್ತಿನ ಮೇಲೆ ಸಿಗುವ ಪ್ರವೇಶ. ಒಂದು ಕೋರ್ಸನ್ನು ಮತ್ತೆ ಓದಿ ಒಳ್ಳೆಯ ದರ್ಜೆ ಪಡೆದರೂ ಫಾರ್ಮ್‌ಕ್ಯಾಸ್ ಹಳೆಯದನ್ನು ಬಿಡದೆ ಎರಡನ್ನೂ ಸೇರಿಸಿ ಜಿಪಿಎ, ಅಂದರೆ ಸರಾಸರಿ ದರ್ಜೆ, ಲೆಕ್ಕ ಹಾಕುತ್ತದೆ. ಹಾಗಾಗಿ ಅವಸರದಲ್ಲಿ ಮೂರು ಪ್ರಯೋಗಾಲಯದ ಕೋರ್ಸುಗಳನ್ನು ಒಂದೇ ಸೆಮಿಸ್ಟರಿಗೆ ತುಂಬಿ ಎಡವಿದರೆ, ಆ ಕಲೆ ಅಳಿಸಿ ಹೋಗುವುದಿಲ್ಲ.

ತಂದೆಗೆ ಇದಾವುದೂ ದೊಡ್ಡದಾಗಿ ಕಾಣಲಿಲ್ಲ. "ನಮ್ಮಲ್ಲಿ ಪಿಯುಸಿ ಆದ ಕೂಡಲೇ ಸಿಇಟಿ ಬರೆದು ನೇರವಾಗಿ ಬಿ.ಫಾರ್ಮ್ ಸೇರುತ್ತಾರೆ. ಇಲ್ಲಿ ಮೊದಲು ಇನ್ನೊಂದು ಡಿಗ್ರಿ ಮುಗಿಸಿ ಆಮೇಲೆ ಬನ್ನಿ ಅನ್ನೋದು ದುಡ್ಡು ಸುಲಿಯೋ ದಾರಿ ಅಷ್ಟೇ. ಸೀಟು ಸಿಗುತ್ತೆ ಅಂದ್ರೆ ಬಿಡೋದು ಯಾಕೆ ಮೇಡಂ?" ಎಂದರು. ಸೀಟು ಸಿಗುತ್ತದೆ ಎಂಬುದರಲ್ಲಿ ನನಗೂ ಅನುಮಾನವಿರಲಿಲ್ಲ. ಸೀಟು ಅಷ್ಟು ಸುಲಭವಾಗಿ ಸಿಗುವುದೇ ನನ್ನ ಚಿಂತೆಯಾಗಿತ್ತು ಎಂದು ಅವರಿಗೆ ಆಗ ವಿವರಿಸಲಿಲ್ಲ, ತಾಯಿಯನ್ನೂ ಕರೆದುಕೊಂಡು ಇನ್ನೊಮ್ಮೆ ಬನ್ನಿ ಎಂದೆ.

ಎರಡನೆಯ ಭೇಟಿಗೆ ಮೂವರೂ ಕುಳಿತಿದ್ದರು. ತಾಯಿ ಕೆಲಸದಿಂದ ಆಗಷ್ಟೇ ಬಂದಿದ್ದರು, ಕುತ್ತಿಗೆಯಲ್ಲಿ ಮಳಿಗೆಯ ಗುರುತಿನ ಚೀಟಿ ಇನ್ನೂ ಇತ್ತು. ನಾನು ಪಟ್ಟಿಯನ್ನು ಬದಿಗಿಟ್ಟು ಸಿಂಧುವನ್ನು ಕೇಳಿದೆ: "ಒಂದು ವರ್ಷ ತಡವಾಗಿ ಅರ್ಜಿ ಹಾಕಿದರೆ ಏನಾಗುತ್ತೆ ಅಂತ ನಿನಗೆ ಭಯ?" ಅವಳು ಮೊದಲು ಖರ್ಚಿನ ಮಾತಾಡಿದಳು, ಆಮೇಲೆ ಗೆಳತಿಯರ ಮಾತಾಡಿದಳು. ನಾನು ಸುಮ್ಮನೆ ಕಾದೆ. ಕೊನೆಗೆ ಹೇಳಿದಳು: "ಅಮ್ಮನಿಗೆ ಒಂದೇ ಒಂದು ವರ್ಷ ಕಡಿಮೆ ಬಿತ್ತು ಆಂಟಿ. ಅದಕ್ಕೇ ಅವರು ದಿನಾ ಟ್ರೇ ಮೇಲೆ ಮಾತ್ರೆ ಐದೈದಾಗಿ ಎಣಿಸ್ತಾರೆ, ಪಕ್ಕದಲ್ಲಿ ಅವರಿಗಿಂತ ಕಡಿಮೆ ಗೊತ್ತಿರೋರು ಫಾರ್ಮಸಿಸ್ಟ್ ಅಂತ ಸೈನ್ ಮಾಡ್ತಾರೆ. ನಂಗೆ ಡಿಗ್ರಿ ಬೇಗ ಕೈಗೆ ಬಂದ್ಬಿಡ್ಬೇಕು."

ಹಿನ್ನೆಲೆ ಇದು. ವಿದೇಶದಲ್ಲಿ ಫಾರ್ಮಸಿ ಓದಿದವರು ಅಮೆರಿಕದಲ್ಲಿ ಪರವಾನಗಿ ಪಡೆಯಬೇಕಾದರೆ ಮೊದಲು ಎಫ್‌ಪಿಜಿಇಇ ಎಂಬ ಪರೀಕ್ಷೆ ಬರೆಯಬೇಕು. 2003ರ ಜನವರಿ 1ರ ನಂತರ ಪದವಿ ಪಡೆದವರಿಗೆ ಆ ಪರೀಕ್ಷೆಯ ಬಾಗಿಲು ತೆರೆಯಬೇಕಾದರೆ ಫಾರ್ಮಸಿ ಶಿಕ್ಷಣ ಕನಿಷ್ಠ ಐದು ವರ್ಷದ್ದಾಗಿರಬೇಕು. ಭಾರತದ ಬಿ.ಫಾರ್ಮ್ ನಾಲ್ಕು ವರ್ಷದ್ದು. ಆರು ವರ್ಷದ ಫಾರ್ಮ್.ಡಿ. ಭಾರತದಲ್ಲಿ ಆರಂಭವಾದದ್ದೇ 2008ರಲ್ಲಿ. ಸಿಂಧುವಿನ ತಾಯಿ ಪದವಿ ಪಡೆದದ್ದು 2004ರಲ್ಲಿ. ನಿಯಮ ಬದಲಾಗುವ ಮೊದಲೇ ಪಾಸಾದ ಹಿರಿಯ ಸಹಪಾಠಿಗಳು ಪರೀಕ್ಷೆ ಬರೆದು ಫಾರ್ಮಸಿಸ್ಟ್‌ಗಳಾದರು, ಇವರು ಹೊರಗೆ ಉಳಿದರು. ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದಿದ್ದರೂ ಎಲ್ಲರಿಗೂ ಗೊತ್ತಿದ್ದ ನೋವು ಅದು.

ಸಿಂಧುವಿನ ಮಾತಿಗೆ ನಾನು ಉತ್ತರಿಸುವ ಮುನ್ನವೇ ತಾಯಿ ಮಗಳ ಕಡೆ ತಿರುಗಿ ಹೇಳಿದರು: "ಒಂದು ವರ್ಷ ಕಡಿಮೆ ಓದಿದ್ದಕ್ಕೆ ತಾನೇ ನಾನು ಹೀಗಿರೋದು? ನೀನ್ಯಾಕೆ ಎರಡು ವರ್ಷ ಕಡಿಮೆ ಮಾಡ್ಕೊಳ್ಳಕ್ಕೆ ಹೊರಟಿದೀಯ?"

ತಂದೆ ಏನೋ ಹೇಳಲು ಹೋಗಿ ನಿಲ್ಲಿಸಿದರು. ಆ ಪ್ರಶ್ನೆ ತರ್ಕದ ದೃಷ್ಟಿಯಿಂದ ಪೂರ್ತಿ ಸರಿಯಲ್ಲ; ಎರಡು ವರ್ಷ ಮೊದಲೇ ಸೇರಿದವರಿಗೂ ಸಿಗುವುದು ಅದೇ ಫಾರ್ಮ್.ಡಿ., ಅದೇ ಪರವಾನಗಿ. ಆದರೆ ನಾನು ಇಡೀ ಭೇಟಿಯಲ್ಲಿ ವಿವರಿಸಬೇಕೆಂದಿದ್ದ ಅಪಾಯವನ್ನು ಅದು ನೇರವಾಗಿ ಮುಟ್ಟಿತು. ಬ್ಯಾಚುಲರ್ ಪದವಿ ಇಲ್ಲದೆ ಫಾರ್ಮಸಿಗೆ ಸೇರಿದ ವಿದ್ಯಾರ್ಥಿ ಮೊದಲ ಅಥವಾ ಎರಡನೇ ವರ್ಷದಲ್ಲಿ ಮುಂದುವರಿಯಲಾಗದೆ ಹೊರಬಂದರೆ ಕೈಯಲ್ಲಿ ಯಾವ ಪದವಿಯೂ ಇರುವುದಿಲ್ಲ. ಫಾರ್ಮಕಾಲಜಿ, ಫಾರ್ಮಸ್ಯುಟಿಕ್ಸ್ ಕ್ರೆಡಿಟ್‌ಗಳನ್ನು ಹಳೆಯ ಜೀವಶಾಸ್ತ್ರ ವಿಭಾಗ ಹಾಗೆಯೇ ಒಪ್ಪಿಕೊಳ್ಳುತ್ತದೆ ಎಂಬ ಖಾತರಿ ಇಲ್ಲ. ಕೆಲವು ವಿಶ್ವವಿದ್ಯಾಲಯಗಳು ಫಾರ್ಮಸಿಯ ಮೊದಲ ವರ್ಷವನ್ನು ಲೆಕ್ಕಕ್ಕೆ ಹಿಡಿದು ಬ್ಯಾಚುಲರ್ ಪದವಿ ಕೊಡುತ್ತವೆ, ಆದರೆ ಅದನ್ನು ಮೊದಲೇ ಕೇಳಿ ಲಿಖಿತವಾಗಿ ಪಡೆದುಕೊಳ್ಳಬೇಕು. ಯಾವ ಸ್ಥಿತಿಯಿಂದ ದೂರ ಓಡಬೇಕೆಂದು ಸಿಂಧು ಅವಸರಪಡುತ್ತಿದ್ದಳೋ, ಆ ಅವಸರವೇ ಅವಳನ್ನು ಅಲ್ಲಿಗೆ ಒಯ್ಯುವ ಸಾಧ್ಯತೆ ಇತ್ತು.

ನಾನು ಕೊಟ್ಟ ಸಲಹೆ ಹೀಗಿತ್ತು. ಈ ವರ್ಷ ಅರ್ಜಿ ಬೇಡ. ಆರ್ಗ್ಯಾನಿಕ್‌ನ ಎರಡೂ ಭಾಗಗಳನ್ನು ಹಗುರವಾದ ಕೋರ್ಸುಗಳ ಜೊತೆಗೆ ಓದಿ ಮುಗಿಸು. ಅದರಲ್ಲಿ ನಿನ್ನ ದರ್ಜೆ ನೋಡಿ, ಮುಂದಿನ ವರ್ಷ ಫಾರ್ಮ್‌ಕ್ಯಾಸ್ ತೆರೆದ ಮೊದಲ ವಾರಗಳಲ್ಲೇ ಅರ್ಜಿ ಕಳುಹಿಸು. ಮೂರು ವರ್ಷ ಇಲ್ಲಿ, ನಾಲ್ಕು ವರ್ಷ ಅಲ್ಲಿ ಎಂಬ ಒಪ್ಪಂದವಿರುವ ಕಾಲೇಜುಗಳನ್ನು ಪಟ್ಟಿಯಲ್ಲಿ ಮೇಲಕ್ಕೆ ತೆಗೆದುಕೋ. ನಡುವೆ ಒಂದು ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸಕ್ಕೆ ಸೇರು. ಅಮ್ಮನ ಮಳಿಗೆಯಲ್ಲಿ ಅಲ್ಲ, ಏಕೆಂದರೆ ಅಲ್ಲಿ ನೀನು ನೋಡುವುದು ವೃತ್ತಿಯನ್ನಲ್ಲ, ಅಮ್ಮನನ್ನು.

"ಚುರುಕಾದ ಹುಡುಗಿಯ ರೆಕ್ಕೆ ಕತ್ತರಿಸಿದಿರಿ" ಎಂದು ಈ ಕ್ಷೇತ್ರದಲ್ಲೇ ಇರುವ ಒಬ್ಬರು ನನಗೆ ಹೇಳಿದರು. ನಾನು ಒಪ್ಪುವುದಿಲ್ಲ. ಹೈಸ್ಕೂಲಿನಿಂದಲೇ ಔಷಧ ಮಳಿಗೆಯಲ್ಲಿ ದುಡಿದು, ಕೆಮಿಸ್ಟ್ರಿಯಲ್ಲಿ ಗಟ್ಟಿಯಾಗಿ ನಿಂತ ಮಕ್ಕಳಿಗೆ ಎರಡನೇ ವರ್ಷದಲ್ಲೇ ಅರ್ಜಿ ಹಾಕು ಎಂದು ನಾನೇ ಹೇಳಿದ್ದೇನೆ, ಮುಂದೆಯೂ ಹೇಳುತ್ತೇನೆ. ಆದರೆ ಸಿಇಟಿಯ ರ‍್ಯಾಂಕಿನ ಕಾಲದಲ್ಲಿ ಬೆಳೆದ ನಮ್ಮ ತಲೆಮಾರಿಗೆ ಸೀಟು ಎಂದರೇ ಗೆಲುವು. ಅಮೆರಿಕದ ಫಾರ್ಮಸಿಯಲ್ಲಿ ಈಗ ಅದು ಹಾಗಿಲ್ಲ. 2000ದ ಸುಮಾರಿಗೆ ಅಲ್ಲಿ 80ರ ಆಸುಪಾಸಿನಲ್ಲಿದ್ದ ಫಾರ್ಮಸಿ ಕಾಲೇಜುಗಳು ಇಂದು 140 ದಾಟಿವೆ, ಅರ್ಜಿ ಹಾಕುವವರು ಮಾತ್ರ ಕಳೆದ ದಶಕದಲ್ಲಿ ಬಹಳ ಕಡಿಮೆಯಾದರು. ಪ್ರವೇಶ ಪರೀಕ್ಷೆಯಾಗಿದ್ದ ಪಿಕ್ಯಾಟ್ 2024ರ ಜನವರಿಯಲ್ಲಿ ಕೊನೆಗೊಂಡಿತು. ಒಳಗೆ ಹೋಗುವ ಬಾಗಿಲು ಅಗಲವಾಗಿದೆ, ಹೊರಗೆ ಬರುವ ಬಾಗಿಲು ಅಗಲವಾಗಿಲ್ಲ. ಪರವಾನಗಿ ಪರೀಕ್ಷೆಯಾದ ನ್ಯಾಪ್ಲೆಕ್ಸ್‌ನಲ್ಲಿ ಮೊದಲ ಯತ್ನದಲ್ಲೇ ಪಾಸಾಗುವವರ ಪ್ರಮಾಣ 2014ರಲ್ಲಿ ಶೇ. 90ನ್ನು ಮೀರಿತ್ತು, 2023ರಲ್ಲಿ ಶೇ. 80ಕ್ಕಿಂತ ಕೆಳಗಿಳಿಯಿತು. ಅರ್ಧಂಬರ್ಧ ತಯಾರಿಯ ವಿದ್ಯಾರ್ಥಿಯನ್ನು ಬಾಗಿಲಲ್ಲೇ ತಡೆಯುವ ವ್ಯವಸ್ಥೆ ಸಡಿಲವಾದಾಗ, ತಡೆಯುವ ಕೆಲಸವನ್ನು ಮನೆಯವರು ಅಥವಾ ನನ್ನಂಥವರು ಮಾಡಬೇಕಾಗುತ್ತದೆ.

ಉದ್ಯೋಗದ ಮಾತೂ ಇದಕ್ಕೆ ಸೇರುತ್ತದೆ. ಔಷಧ ಮಳಿಗೆಗಳ ದೊಡ್ಡ ಸರಣಿಯಾದ ವಾಲ್‌ಗ್ರೀನ್ಸ್ ಸುಮಾರು 1,200 ಮಳಿಗೆಗಳನ್ನು ಮುಚ್ಚುವುದಾಗಿ 2024ರಲ್ಲಿ ಪ್ರಕಟಿಸಿತು, ಅಂಥದೇ ಇನ್ನೊಂದು ಸರಣಿ ರೈಟ್ ಏಡ್ 2025ರಲ್ಲಿ ಪೂರ್ತಿಯಾಗಿ ಬಾಗಿಲು ಹಾಕಿತು. ಆಸ್ಪತ್ರೆಯ ಹುದ್ದೆ ಬೇಕೆಂದರೆ ಫಾರ್ಮ್.ಡಿ. ನಂತರದ ತರಬೇತಿಯಾದ ರೆಸಿಡೆನ್ಸಿಗೆ ಪೈಪೋಟಿ ಇದೆ. ಅಲ್ಲಿ ನಾಲ್ಕು ವರ್ಷದ ದರ್ಜೆಗಳನ್ನೂ ಅಧ್ಯಾಪಕರ ಪತ್ರಗಳನ್ನೂ ತೂಗಿ ನೋಡುತ್ತಾರೆ, ಎಷ್ಟನೇ ವಯಸ್ಸಿಗೆ ಸೇರಿದಿರಿ ಎಂದು ಯಾರೂ ಕೇಳುವುದಿಲ್ಲ. ಒಂದು ವರ್ಷ ಹೆಚ್ಚು ಓದುವ ಖರ್ಚು ಇದೆ ಎಂಬ ತಂದೆಯ ಮಾತು ನಿಜ. ಸಾಮಾನ್ಯವಾಗಿ ಫಾರ್ಮಸಿ ಕಾಲೇಜಿನ ಒಂದು ವರ್ಷದ ಶುಲ್ಕ ಸರ್ಕಾರಿ ವಿಶ್ವವಿದ್ಯಾಲಯದ ಒಂದು ವರ್ಷದ ಶುಲ್ಕಕ್ಕಿಂತ ಹೆಚ್ಚು, ಅಲ್ಲಿ ಒಂದು ವರ್ಷ ಮರಳಿ ಓದಬೇಕಾದರೆ ಉಳಿಸಿದ್ದೆಲ್ಲ ಕರಗಿ ಹೋಗುತ್ತದೆ ಎಂದು ಅವರಿಗೆ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಅವರು ಪೂರ್ತಿ ಒಪ್ಪಲಿಲ್ಲ, ಆದರೆ ಮಗಳಿಗೆ ಬಿಟ್ಟುಕೊಟ್ಟರು.

ಸಿಂಧು ಆ ವರ್ಷ ಅರ್ಜಿ ಹಾಕಲಿಲ್ಲ. ಆಸ್ಪತ್ರೆಯೊಂದರಲ್ಲಿ ವಾರಾಂತ್ಯದ ಕೆಲಸಕ್ಕೆ ಸೇರಿಕೊಂಡಳು. ಆರ್ಗ್ಯಾನಿಕ್‌ನ ಮೊದಲ ಭಾಗದಲ್ಲಿ ಬಿ ಬಂದಿದೆ ಎಂದು ತಿಳಿಸಿದ್ದಾಳೆ, ಎರಡನೆಯದು ನಡೆಯುತ್ತಿದೆ.

ಆಮೇಲೆ ಒಂದು ದಿನ ತಾಯಿ ಒಬ್ಬರೇ ಕರೆ ಮಾಡಿ, "ನನ್ನ ವಯಸ್ಸಿನವರನ್ನು ತಗೋತಾರಾ ಮೇಡಂ?" ಎಂದು ಕೇಳಿದರು. ವಿದೇಶಿ ಫಾರ್ಮಸಿ ಪದವೀಧರರಿಗೆ ಹಳೆಯ ಓದಿನ ಸ್ವಲ್ಪ ಭಾಗವನ್ನು ಮಾನ್ಯ ಮಾಡಿ ಫಾರ್ಮ್.ಡಿ.ಗೆ ಸೇರಿಸಿಕೊಳ್ಳುವ ಕೋರ್ಸು ಫ್ಲಾರಿಡಾದ ನೋವಾ ಸೌತ್‌ಈಸ್ಟರ್ನ್‌ನಂಥ ಕೆಲವು ಕಡೆ ಇದೆ ಎಂದು ತಿಳಿಸಿದೆ. ಊರು ಬಿಟ್ಟು ಹೋಗಿ ಓದಬೇಕಾದೀತು, ಮನೆಯ ಆದಾಯವೂ ತಗ್ಗುತ್ತದೆ, ಎರಡನ್ನೂ ಯೋಚಿಸಿ ಎಂದೆ. ಅವರಿನ್ನೂ ನಿರ್ಧರಿಸಿಲ್ಲ. ನಿರ್ಧಾರ ಏನೇ ಆಗಲಿ, ಅವರು ಪದವಿ ಪಡೆದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಿಂದ ಅಂಕಪಟ್ಟಿಗಳ ಅಧಿಕೃತ ಪ್ರತಿ ತರಿಸಿಕೊಂಡು ಮೌಲ್ಯಮಾಪನಕ್ಕೆ ಕಳುಹಿಸುವ ಕೆಲಸ ಮೊದಲು ಶುರುವಾಗಲಿ, ಅದಕ್ಕೇ ಹೆಚ್ಚು ಸಮಯ ಹಿಡಿಯುತ್ತದೆ ಎಂದು ಹೇಳಿದ್ದೇನೆ.