ಈಸ್ಟ್ ಹ್ಯಾಮ್‌ನಲ್ಲಿ ಹುಡುಗರ ಗ್ಯಾಂಗ್ ಇದೆಯಂತೆ, 13 ವರ್ಷದ ಮಗನ ಜೊತೆ ಲಂಡನ್‌ನ ಯಾವ ಏರಿಯಾದಲ್ಲಿ ಮನೆ ಮಾಡಲಿ?

2016ರಲ್ಲಿ ನನ್ನ ಮಗನಿಗೂ 13. ನಾವೂ ಈಸ್ಟ್ ಹ್ಯಾಮ್‌ಗೆ ಹೊಸಬರು.

ಒಂದು ಸಂಜೆ ಜಿಟಿಜಿಟಿ ಮಳೆ. ಚಿಕನ್ ಅಂಗಡಿ ಮುಂದೆ ಏಳೆಂಟು ಹುಡುಗರು ಹೂಡಿಯ ಟೋಪಿ ಎಳೆದುಕೊಂಡು ನಿಂತಿದ್ದರು. ಹೆಚ್ಚಿನವರು ಕಪ್ಪು ಹುಡುಗರು. ನನ್ನ ಹೆದರಿಕೆಯಲ್ಲಿ ಅದೂ ಇತ್ತು, ಮುಚ್ಚಿಡಲ್ಲ. ರಸ್ತೆಯ ಈಚೆಯಿಂದ ಫೋಟೊ ತೆಗೆದು ನಮ್ಮ ಬಿಲ್ಡಿಂಗ್‌ನ ವಾಟ್ಸಾಪ್ ಗ್ರೂಪಿಗೆ ಹಾಕಿದೆ. "ಗ್ಯಾಂಗ್. ಮಕ್ಕಳನ್ನು ಹೊರಗೆ ಬಿಡಬೇಡಿ" ಅಂತ ಬರೆದೆ.

ಆ ಒಂದು ಪದವೇ ನನ್ನ ತಪ್ಪು. ನಾನು ಕಂಡಿದ್ದು ಹುಡುಗರು, ಮಳೆ, ಚಿಪ್ಸ್ ಪೊಟ್ಟಣ, ಅಷ್ಟೇ. ಗ್ಯಾಂಗ್ ಅನ್ನುವುದು ದಿನಾ ಪೇಪರಲ್ಲಿ ಓದಿ ಓದಿ ಕೈಗೆ ಬಂದ ಪದ. ಫೋಟೊ ದೊಡ್ಡದು ಮಾಡಿದ್ದರೆ ಸ್ಕೂಲ್ ಟೈ, ಬೆನ್ನಿನ ಬ್ಯಾಗ್ ಕಾಣುತ್ತಿತ್ತು. ಮಾಡಲಿಲ್ಲ. ರಾತ್ರಿಯೊಳಗೆ ಅದು ಎಷ್ಟೋ ಗ್ರೂಪ್ ಸುತ್ತಿ, "ಚಾಕು ಇಟ್ಟುಕೊಂಡಿದ್ದಾರೆ" ಅಂತ ಸೇರಿಸಿಕೊಂಡು ನನಗೇ ವಾಪಸ್ ಬಂತು. ಆ ಫೋಟೊದಲ್ಲಿದ್ದವರಲ್ಲಿ ಒಬ್ಬ ಕೆಳಗಿನ ಮನೆಯ ಹುಡುಗ. ನಮ್ಮ ಅಕ್ಕಿ ಮೂಟೆಯನ್ನು ಮೆಟ್ಟಿಲು ಹತ್ತಿಸಿಕೊಟ್ಟವನು. ಅವನ ತಾಯಿ ಗ್ರೂಪಿನಲ್ಲೇ ಇದ್ದರು. ಏನೂ ಹೇಳದೆ ಗ್ರೂಪ್ ಬಿಟ್ಟರು. ನನ್ನ ಮಗ ಮೂರು ವರ್ಷ ಒಬ್ಬ ಸ್ನೇಹಿತನನ್ನೂ ಮನೆಗೆ ಕರೆತರಲಿಲ್ಲ. ಎಲ್ಲಿಗೆ ಹೋಗುತ್ತಾನೆ ಅಂತಲೂ ಹೇಳುತ್ತಿರಲಿಲ್ಲ.

ಲಂಡನ್‌ನಲ್ಲಿ ಆ ಪದಕ್ಕೆ ಎಷ್ಟು ತೂಕ ಅಂತ ಆಮೇಲೆ ಗೊತ್ತಾಯಿತು. 2011ರ ಗಲಭೆಯ ನಂತರ, 2012ರಲ್ಲಿ ಪೊಲೀಸರು ಗ್ಯಾಂಗಿನವರು ಅಂತ ಅನುಮಾನವಿದ್ದವರ 'ಗ್ಯಾಂಗ್ಸ್ ಮ್ಯಾಟ್ರಿಕ್ಸ್' ಅನ್ನುವ ಪಟ್ಟಿ ಶುರು ಮಾಡಿದ್ದರು. ಎಷ್ಟು ಅಪಾಯ ಅಂತ ತೋರಿಸಲು ಟ್ರಾಫಿಕ್ ಸಿಗ್ನಲ್ ತರಹ ಒಬ್ಬೊಬ್ಬರಿಗೂ ಒಂದು ಬಣ್ಣ. ಬಹುಪಾಲು ಕಪ್ಪು ಯುವಕರೇ. ಜನರ ಖಾಸಗಿ ಮಾಹಿತಿ ಕಾಯುವ ಡೇಟಾ ಕಾನೂನನ್ನು ಈ ಪಟ್ಟಿ ಮುರಿದಿದೆ ಅಂತ ಬ್ರಿಟನ್‌ನ ಮಾಹಿತಿ ಆಯುಕ್ತರ ಕಚೇರಿ 2018ರಲ್ಲಿ ಹೇಳಿತು. 2024ರಲ್ಲಿ ಪಟ್ಟಿಯನ್ನೇ ಕೈಬಿಟ್ಟರು.

ಚಾಕು ಇರಿತ ನಡೆಯುತ್ತದೆ, ಸುಳ್ಳಲ್ಲ. ಆದರೆ "ಯಾವ ಏರಿಯಾ" ಅಂತ ಕೇಳುವುದೇ ತಪ್ಪು ಅಂತ ನನಗನ್ನಿಸುತ್ತದೆ. 2010ರ ನಂತರ ಸರ್ಕಾರ ದುಡ್ಡು ಕಡಿತ ಮಾಡಿ ಎಷ್ಟೋ ಯೂತ್ ಕ್ಲಬ್‌ಗಳು ಮುಚ್ಚಿದವು. ಆ ಮಕ್ಕಳು ಇನ್ನೆಲ್ಲಿ ನಿಲ್ಲಬೇಕು? ಆ ವಯಸ್ಸಲ್ಲಿ ನಾನೂ ಹಾಸನದ ಬೇಕರಿ ಮುಂದೆ ಗೆಳೆಯರ ಜೊತೆ ಗಂಟೆಗಟ್ಟಲೆ ನಿಲ್ಲುತ್ತಿದ್ದೆ. ಪೋಲಿಗಳು ಅಂತ ಬೈದವರಿದ್ದಾರೆ. ಗ್ಯಾಂಗ್ ಅಂತ ಯಾರೂ ಪೊಲೀಸರಿಗೆ ಹೇಳಲಿಲ್ಲ.

ಬಾಡಿಗೆ, ಸ್ಕೂಲಿನ ದೂರ ನೋಡಿ ಮನೆ ಹಿಡಿಯಿರಿ. ಮಗನ ಸ್ನೇಹಿತರನ್ನು ಶನಿವಾರ ದೋಸೆಗೆ ಕರೆಯಿರಿ, ಹೆಸರು ಕೇಳಿ ತಿಳಿದುಕೊಳ್ಳಿ. ಕೆಳಗಿನ ಮನೆಯ ಹುಡುಗನ ಹೆಸರು ನನಗೆ ಗೊತ್ತಾಗಿದ್ದು ಆ ಫೋಟೊ ಹಾಕಿದ ಮೇಲೆ.