ಮಾಲ್ಟಾದಲ್ಲಿ ಚಳಿಗಾಲ ಅಂದ್ರೆ ಬರೀ ಕತ್ತಲೆಯಾ?

ಅಕ್ಟೋಬರ್ ಮಧ್ಯದಲ್ಲಿ ಬೆಂಗಳೂರಿನಿಂದ ಮಾಲ್ಟಾಗೆ ಕೆಲಸಕ್ಕೆ ಬರ್ತಿದ್ದೀರಿ, ಚಳಿಗಾಲದಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲಾಗುತ್ತೆ ಅಂತ ಯಾರೋ ಹೆದರಿಸಿದ್ದಾರೆ, ನಿಜವಾಗಿ ಸೂರ್ಯ ಎಷ್ಟು ಹೊತ್ತಿಗೆ ಹುಟ್ಟಿ ಎಷ್ಟು ಹೊತ್ತಿಗೆ ಮುಳುಗುತ್ತಾನೆ ಅಂತ ಕೇಳಿದ್ದೀರಿ. ಕೆಲವು ವರ್ಷಗಳಿಂದ ಇಲ್ಲೇ ಇರೋದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲು ಆ ಹೆದರಿಕೆ ಬಿಡಿ. ಮೂರಕ್ಕೆ ಸೂರ್ಯ ಮುಳುಗೋದು ಸ್ಟಾಕ್‌ಹೋಮ್ ಕಡೆ. ಮಾಲ್ಟಾ ಯುರೋಪಿನ ತೀರಾ ದಕ್ಷಿಣದ ತುದಿಯಲ್ಲಿದೆ. ಆಫ್ರಿಕಾದ ಟ್ಯೂನಿಸ್ ನಗರಕ್ಕಿಂತಲೂ ಕೆಳಗೆ, ಸುಮಾರು 35.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ನಮ್ಮ ಶ್ರೀನಗರ 34 ಡಿಗ್ರಿಯಲ್ಲಿದೆ. ಹಾಗಾಗಿ ಹಗಲಿನ ಲೆಕ್ಕದಲ್ಲಿ ನೀವು ಬರ್ತಿರೋದು ಕಾಶ್ಮೀರಕ್ಕಿಂತ ಒಂಚೂರು ಉತ್ತರಕ್ಕೆ, ಅಷ್ಟೇ.

ವರ್ಷದ ಅತಿ ಚಿಕ್ಕ ಹಗಲು ಡಿಸೆಂಬರ್ 21ರ ಸುಮಾರಿಗೆ. ಅವತ್ತು ಬೆಳಿಗ್ಗೆ 7:08ರ ಹೊತ್ತಿಗೆ ಸೂರ್ಯ ಹುಟ್ಟಿ ಸಂಜೆ 4:52ಕ್ಕೆ ಮುಳುಗುತ್ತಾನೆ. ಅಂದ್ರೆ 9 ಗಂಟೆ 43 ನಿಮಿಷ ಹಗಲು. ಜೂನ್ 21ಕ್ಕೆ ಬೆಳಿಗ್ಗೆ 5:46ಕ್ಕೆ ಹುಟ್ಟಿ ರಾತ್ರಿ 8:22ರವರೆಗೂ ಇರುತ್ತಾನೆ, 14 ಗಂಟೆ 36 ನಿಮಿಷ. ಎರಡರ ನಡುವೆ ಹೆಚ್ಚೂಕಡಿಮೆ ಐದು ಗಂಟೆ ವ್ಯತ್ಯಾಸ. ಬೆಂಗಳೂರಲ್ಲಿ ಇದೇ ವ್ಯತ್ಯಾಸ ಒಂದೂವರೆ ಗಂಟೆ ಮಾತ್ರ, ಅದಕ್ಕೇ ಅಲ್ಲಿ ನಾವು ಇದನ್ನೆಲ್ಲ ಗಮನಿಸೋದೇ ಇಲ್ಲ.

ನಿಜವಾಗಿ ತಯಾರಾಗಬೇಕಾದ್ದು ಕತ್ತಲೆಗಲ್ಲ, ಬದಲಾವಣೆಯ ವೇಗಕ್ಕೆ. ಸೆಪ್ಟೆಂಬರ್ ಕೊನೆ, ಮಾರ್ಚ್ ಕೊನೆಯ ಹೊತ್ತಿಗೆ ಇಲ್ಲಿ ಹಗಲು ದಿನಕ್ಕೆ ಎರಡು ನಿಮಿಷಕ್ಕೂ ಜಾಸ್ತಿ ಬದಲಾಗುತ್ತೆ. ವಾರಕ್ಕೆ ಕಾಲು ಗಂಟೆ! ಬೆಂಗಳೂರಲ್ಲಿ ಆಗ ದಿನಕ್ಕೆ ಮುಕ್ಕಾಲು ನಿಮಿಷವೂ ಇಲ್ಲ. ನೀವು ಬಂದಿಳಿಯುವ ಅಕ್ಟೋಬರ್ 15ರ ಸುಮಾರಿಗೆ ಸೂರ್ಯ ಮುಳುಗೋದು ಸಂಜೆ 6:27ಕ್ಕೆ. ಅರೆ, ನಮ್ಮೂರಿನ ಹಾಗೇ ಇದೆಯಲ್ಲ ಅನ್ನಿಸುತ್ತೆ. ಎರಡು ವಾರ ಕಳೆಯೋದರೊಳಗೆ ಅಕ್ಟೋಬರ್‌ನ ಕೊನೆಯ ಭಾನುವಾರ ಬರುತ್ತೆ. ಅವತ್ತು ಬೆಳಗಿನ ಜಾವ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಶನಿವಾರ 6:15ಕ್ಕೆ ಮುಳುಗಿದ ಸೂರ್ಯ ಭಾನುವಾರ 5:15ಕ್ಕೇ ಮುಳುಗಿರುತ್ತಾನೆ. ಹೊಸದಾಗಿ ಬಂದವರಿಗೆ ಮನಸ್ಸು ಭಾರ ಆಗೋದು ಈ ವಾರದಲ್ಲೇ. ಆಫೀಸಿಂದ ಹೊರಗೆ ಬಂದರೆ ಬೀದಿ ದೀಪ ಹತ್ತಿರುತ್ತೆ, ಮನೆಗೆ ಫೋನ್ ಮಾಡೋಣ ಅಂದ್ರೆ ಅಲ್ಲಿ ರಾತ್ರಿ ಹತ್ತು. ಬೇಸಿಗೆಯಲ್ಲಿ ಮೂರೂವರೆ ಗಂಟೆ ಇದ್ದ ಅಂತರ ಆವತ್ತಿನಿಂದ ನಾಲ್ಕೂವರೆ ಆಗಿರುತ್ತೆ. ಅಪ್ಪ ಅಮ್ಮನ ಜೊತೆ ಮಾತಾಡೋದನ್ನು ಮಧ್ಯಾಹ್ನದ ಊಟದ ಬಿಡುವಿಗೆ ಬದಲಾಯಿಸಿಕೊಳ್ಳಿ, ಅದೇ ಒಳ್ಳೇದು.

ಸಮಾಧಾನದ ಒಂದು ಸಂಗತಿ ಇದೆ. ಸಂಜೆ ಬೇಗ ಕತ್ತಲಾಗೋದು ಡಿಸೆಂಬರ್ 21ರವರೆಗೂ ಮುಂದುವರಿಯೋದಿಲ್ಲ. ಅತಿ ಬೇಗ ಸೂರ್ಯ ಮುಳುಗೋದು ಡಿಸೆಂಬರ್ ಮೊದಲ ವಾರದಲ್ಲಿ, 4:48ರ ಹೊತ್ತಿಗೆ. ಆಮೇಲೆ ಸಂಜೆ ಮೆಲ್ಲಗೆ ಉದ್ದ ಆಗುತ್ತಾ ಹೋಗುತ್ತೆ. ಆದರೆ ಬೆಳಗು ಮಾತ್ರ ಜನವರಿ ಮೊದಲ ವಾರ ದಾಟುವವರೆಗೂ ತಡ ಆಗುತ್ತಲೇ ಇರುತ್ತೆ, 7:13ರವರೆಗೆ. ಭೂಮಿಯ ಓರೆ ಒಂದು ಕಾರಣ. ಜನವರಿ ಆರಂಭದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರ ಇದ್ದು ಜೋರಾಗಿ ಓಡೋದು ಇನ್ನೊಂದು. ಇವೆರಡೂ ಸೇರಿ ಆಗ ಸೂರ್ಯ ಆ ದಿನದ ಅತಿ ಎತ್ತರಕ್ಕೆ ಬರೋ ನಡುಮಧ್ಯಾಹ್ನದ ಹೊತ್ತೇ ದಿನಕ್ಕೆ ಅರ್ಧ ನಿಮಿಷದಷ್ಟು ಮುಂದಕ್ಕೆ ಹೋಗುತ್ತಾ ಇರುತ್ತೆ. ಬೆಂಗಳೂರಲ್ಲೂ ಇದು ಆಗುತ್ತೆ, ಅಲ್ಲಿ ಅತಿ ಬೇಗ ಸಂಜೆಯಾಗೋದು ನವೆಂಬರ್‌ನಲ್ಲೇ. ಜನವರಿ ಕೊನೆಗೆ ಇಲ್ಲಿ ಸೂರ್ಯಾಸ್ತ 5:27ಕ್ಕೆ ಬಂದಿರುತ್ತೆ. ಆ ನಲವತ್ತು ನಿಮಿಷ ಕೊಡೋ ಖುಷಿ ಇಲ್ಲಿ ಒಂದು ಚಳಿಗಾಲ ಕಳೆದವರಿಗೆ ಗೊತ್ತು.

ಈಗ ಮನೆ ವಿಷಯ. ಇದನ್ನು ದಯವಿಟ್ಟು ಗಂಭೀರವಾಗಿ ತಗೊಳ್ಳಿ. ಬೆಂಗಳೂರಲ್ಲಿ ಪೂರ್ವ ದಿಕ್ಕಿನ ಬಾಗಿಲು ಹುಡುಕುತ್ತೇವೆ, ಅಲ್ವಾ? ಇಲ್ಲಿ ದಕ್ಷಿಣಕ್ಕೆ ತೆರೆದ ಕೋಣೆ ಹುಡುಕಿ. ಬೆಂಗಳೂರಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ನೇರ ನೆತ್ತಿಯ ಮೇಲೆ ಬರುತ್ತಾನೆ. ಇಲ್ಲಿ ಯಾವತ್ತೂ ಬರೋದಿಲ್ಲ. ಡಿಸೆಂಬರ್ ಮಧ್ಯಾಹ್ನವೂ ಸುಮಾರು 31 ಡಿಗ್ರಿ ಎತ್ತರದಲ್ಲಿ, ದಕ್ಷಿಣದ ಕಡೆ ವಾಲಿಕೊಂಡೇ ಇರುತ್ತಾನೆ. ದಕ್ಷಿಣದ ಬಾಲ್ಕನಿ ಬಾಗಿಲಿನಿಂದ ಬಿಸಿಲು ಒಳಗೆ ನುಗ್ಗಿ ಎದುರು ಗೋಡೆಯ ಬುಡದವರೆಗೂ ಬೀಳುತ್ತೆ, ಬಟ್ಟೆ ಒಣಗುತ್ತೆ, ಹಾಸಿಗೆ ಬೆಚ್ಚಗಾಗುತ್ತೆ. ಉತ್ತರದ ಕೋಣೆಗೆ ತಿಂಗಳುಗಟ್ಟಲೆ ಒಂದು ಹನಿ ಬಿಸಿಲೂ ಇಲ್ಲ. ಸುಣ್ಣಕಲ್ಲಿನ ಗೋಡೆ ತೇವ ಹಿಡಿದು ಬೀರು ಹಿಂದೆ ಕಪ್ಪು ಬೂಷ್ಟು ಕೂರುತ್ತೆ. ಹೊರಗಿನ ಚಳಿ ಅಷ್ಟೇನಿಲ್ಲ, ಮನೆಯೊಳಗಿನ ಥಂಡಿಯೇ ಜಾಸ್ತಿ ಕಾಡೋದು.

ಪಂಚಾಂಗ ನೋಡುವ ಅಭ್ಯಾಸ ಇದ್ದರೆ ಊರಿನ ಕ್ಯಾಲೆಂಡರ್ ಇಲ್ಲಿಗೆ ಆಗೋದಿಲ್ಲ. ಏಕಾದಶಿ ಅಲ್ಲಿನ ಸೂರ್ಯೋದಯ ನೋಡಿ, ಸಂಕಷ್ಟಿ ಅಲ್ಲಿನ ಚಂದ್ರೋದಯ ನೋಡಿ ಲೆಕ್ಕ ಹಾಕಿದ್ದು. ಇಲ್ಲಿನ ರಾಜಧಾನಿ ವಾಲೆಟ್ಟಾ ಅಂತ ಊರು ಹಾಕಿ ಆ್ಯಪ್‌ನಲ್ಲಿ ನೋಡಿಕೊಳ್ಳಿ.

ಸೂರ್ಯಾಸ್ತ ನೋಡೋಕೆ ಚಳಿಗಾಲದಲ್ಲಿ ಡಿಂಗ್ಲಿ ಬಂಡೆಗಳ ಮೇಲೆ ಹೋಗಿ. ಆಗ ಸೂರ್ಯ ನೈಋತ್ಯಕ್ಕೆ ಸರಿದು ನೇರ ಸಮುದ್ರಕ್ಕೇ ಇಳಿಯುತ್ತಾನೆ. ಬೇಸಿಗೆಗೆ ಗೋಲ್ಡನ್ ಬೇ ಚೆನ್ನಾಗಿರುತ್ತೆ. ಜೂನ್‌ನಲ್ಲಿ ಸೂರ್ಯ ಮುಳುಗಿದ ಮೇಲೂ ಅರ್ಧ ಗಂಟೆ ಬೆಳಕು ಇರುತ್ತೆ. ಕೆಲಸ ಮುಗಿಸಿ ಈಜಿ, ಮರಳಲ್ಲಿ ಕೂತು ಊಟ ಮಾಡಿದರೂ ಹೊತ್ತು ಉಳಿಯುತ್ತೆ. ಸೂರ್ಯೋದಯಕ್ಕೆ ಮಾರ್ಸಾಶ್ಲೋಕ್ ಕಡೆ ಹೋಗಿ, ಬಣ್ಣದ ಮೀನುದೋಣಿಗಳೂ ಸಿಗುತ್ತವೆ.

ಆದರೆ ನನ್ನ ಕೇಳಿದರೆ ಒಂದು ಬೆಳಗನ್ನು ಮ್ನಾಯ್ದ್ರಾಕ್ಕೇ ಇಟ್ಟುಕೊಳ್ಳಿ. ದಕ್ಷಿಣ ತೀರದಲ್ಲಿ, ಹಜಾರ್ ಈಮ್ ಅನ್ನೋ ಇನ್ನೊಂದು ಹಳೆಯ ದೇಗುಲದ ಪಕ್ಕದ ಇಳಿಜಾರಿನಲ್ಲಿರೋ ಕಲ್ಲಿನ ದೇಗುಲ ಅದು. ಸುಮಾರು ಐದು ಸಾವಿರ ವರ್ಷ ಹಳೆಯದು, ಯುನೆಸ್ಕೋ ಪಟ್ಟಿಯಲ್ಲೂ ಇದೆ. ಅಲ್ಲಿನ ದಕ್ಷಿಣದ ಗುಡಿ ಪೂರ್ವಕ್ಕೆ ಮುಖ ಮಾಡಿದೆ. ಹಗಲು ರಾತ್ರಿ ಸಮ ಆಗುವ ಮಾರ್ಚ್, ಸೆಪ್ಟೆಂಬರ್ ದಿನಗಳಲ್ಲಿ ಮೊದಲ ಕಿರಣ ಬಾಗಿಲ ನಡುವಿನಿಂದ ಹಾದು ಒಳಗಿನ ತುದಿಯವರೆಗೂ ಹೋಗುತ್ತೆ. ಜೂನ್ 21ಕ್ಕೆ ಬೆಳಕು ಬಾಗಿಲ ಒಂದು ಬದಿಯ ಕಲ್ಲಿನ ಅಂಚಿಗೆ ಬೀಳುತ್ತೆ, ಡಿಸೆಂಬರ್ 21ಕ್ಕೆ ಇನ್ನೊಂದು ಬದಿಯ ಅಂಚಿಗೆ. ಇಲ್ಲಿ ಸೂರ್ಯ ಹುಟ್ಟುವ ಜಾಗ ಆರು ತಿಂಗಳಲ್ಲಿ ದಿಗಂತದ ಮೇಲೆ ಸುಮಾರು 60 ಡಿಗ್ರಿ ಸರಿಯುತ್ತೆ. ಲೋಹದ ಉಳಿ ಕೂಡ ಇಲ್ಲದ ಜನ ಅಷ್ಟನ್ನೂ ಗಮನಿಸಿ ಒಂದು ಬಾಗಿಲಲ್ಲಿ ಹಿಡಿದಿಟ್ಟಿದ್ದಾರೆ. ಹಗಲು ರಾತ್ರಿ ಸಮ ಆಗೋ ಆ ದಿನಗಳ ಬೆಳಗ್ಗೆ ಹೆರಿಟೇಜ್ ಮಾಲ್ಟಾ ಸಂಸ್ಥೆ ಜನರನ್ನು ಒಳಗೆ ಬಿಡುತ್ತೆ. ಟಿಕೆಟ್ ಕಡಿಮೆ, ಬೇಗ ಖಾಲಿಯಾಗುತ್ತವೆ. ಮಾರ್ಚ್‌ನದಕ್ಕೆ ಫೆಬ್ರವರಿಯಿಂದಲೇ ಅವರ ಜಾಲತಾಣ ನೋಡ್ತಾ ಇರಿ.