ನಾವು ಊರಿಗೆ ಹೋದರೆ ಫೀಡರಿನ ಹಕ್ಕಿಗಳ ಗತಿಯೇನು?

ಪ್ರಶ್ನೆ: ನಾವು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ನೆಲೆಸಿದ್ದೇವೆ. ಚಳಿಗಾಲದಲ್ಲಿ ಹಿತ್ತಲಿನಲ್ಲಿ ಕಾಳು ತುಂಬಿ ತೂಗುಹಾಕಿದ ಫೀಡರಿಗೆ ಕಪ್ಪು ನೆತ್ತಿಯ ಪುಟ್ಟ ಚಿಕಡೀ ಹಕ್ಕಿಗಳು ಬರುತ್ತವೆ. ಒಂದೇ ಒಂದು ಕಾಳು ಕಚ್ಚಿಕೊಂಡು ಹಾರಿಹೋಗಿ, ಮತ್ತೆ ಬರುತ್ತವೆ. ಹೀಗೇಕೆ? ಒಂದು ಗಂಟೆಯಲ್ಲಿ ನಲವತ್ತು ಹಕ್ಕಿ ಬಂದವೆಂದು ಮಗಳು ಎಣಿಸಿದ್ದಾಳೆ. ಈ ಲೆಕ್ಕ ಸರಿಯೇ? ಡಿಸೆಂಬರ್‌ನಲ್ಲಿ ನಾಲ್ಕು ವಾರ ಮೈಸೂರಿಗೆ ಹೋಗುವವರಿದ್ದೇವೆ. ಕಾಳು ಸಿಗದೆ ಇವು ಸಾಯುವುದಿಲ್ಲವೇ? ಮಿಕ್ಕ ಅನ್ನ, ಚಪಾತಿ ಹಾಕಬಹುದೇ?

ಉತ್ತರ: ಕಾಳು ಸಿಗದೆ ಸಾಯುತ್ತವೆಯೇ ಎಂಬ ಆತಂಕಕ್ಕೇ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಇದರ ಬಗ್ಗೆ ನಡೆದ ಒಳ್ಳೆಯ ಅಧ್ಯಯನಗಳು ನೀವಿರುವ ರಾಜ್ಯದವೇ. ಮಾರ್ಗರೆಟ್ ಬ್ರಿಟಿಂಗ್‌ಹ್ಯಾಮ್ ಮತ್ತು ಸ್ಟ್ಯಾನ್ಲಿ ಟೆಂಪಲ್ ಎಂಬ ಸಂಶೋಧಕರು ವಿಸ್ಕಾನ್ಸಿನ್‌ನ ಚಿಕಡೀಗಳ ಕಾಲಿಗೆ ಉಂಗುರ ತೊಡಿಸಿ ಅವುಗಳ ಚಳಿಗಾಲದ ಬದುಕನ್ನು ಹಿಂಬಾಲಿಸಿದರು. 1988ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಫೀಡರ್ ಇದ್ದ ಕಡೆ ಶೇ 69ರಷ್ಟು ಹಕ್ಕಿಗಳು ಚಳಿಗಾಲವನ್ನು ದಾಟಿದರೆ, ಇಲ್ಲದ ಕಡೆ ದಾಟಿದ್ದು ಶೇ 37 ಮಾತ್ರ. ಈ ಅಂತರ ಎದ್ದು ಕಂಡದ್ದು ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವ ದಿನಗಳು ಹೆಚ್ಚಾಗಿದ್ದ ತಿಂಗಳುಗಳಲ್ಲಿ. ಇದನ್ನಷ್ಟೇ ಓದಿದವರು ಪ್ರವಾಸವನ್ನೇ ರದ್ದು ಮಾಡಿಯಾರು. ಆದರೆ ಅದೇ ಸಂಶೋಧಕರು ಇಪ್ಪತ್ತೈದು ವರ್ಷಗಳಿಂದ ಕಾಳು ಹಾಕುತ್ತಿದ್ದ ಒಂದು ಕಾಡಿನಿಂದ ಫೀಡರುಗಳನ್ನು ತೆಗೆಸಿ ನೋಡಿದರು. ಅಲ್ಲಿನ ಹಕ್ಕಿಗಳು, ಫೀಡರನ್ನೇ ಕಾಣದ ನೆರೆಯ ಕಾಡಿನ ಹಕ್ಕಿಗಳಷ್ಟೇ ಸಮರ್ಥವಾಗಿ ಬದುಕಿದವೆಂದು 1992ರಲ್ಲಿ ಬರೆದರು. ಚಿಕಡೀ ದಿನವೊಂದಕ್ಕೆ ಬೇಕಾದ ಶಕ್ತಿಯಲ್ಲಿ ಸುಮಾರು ಐದನೆಯ ಒಂದು ಪಾಲನ್ನಷ್ಟೇ ಫೀಡರಿನಿಂದ ಪಡೆಯುತ್ತದೆ. ಉಳಿದದ್ದನ್ನು ತೊಗಟೆಯ ಸಂದಿಯಲ್ಲಿ ಅಡಗಿದ ಕೀಟದ ಮೊಟ್ಟೆ, ಮರಿಹುಳು, ಜೇಡ ಮತ್ತು ಕಾಡು ಬೀಜಗಳಿಂದ ತಾನೇ ಹುಡುಕಿಕೊಳ್ಳುತ್ತದೆ. ನಿಮ್ಮ ಫೀಡರ್ ಅದರ ಸುತ್ತಾಟದ ಹಲವು ತಾಣಗಳಲ್ಲಿ ಒಂದು, ಅಷ್ಟೇ. ನಿಶ್ಚಿಂತೆಯಿಂದ ಮೈಸೂರಿಗೆ ಹೋಗಿಬನ್ನಿ.

ಒಂದೊಂದೇ ಕಾಳು ಒಯ್ಯುವುದಕ್ಕೆ ಕಾರಣ ಅದರ ಕೊಕ್ಕಿನಲ್ಲಿದೆ. ಹೌಸ್ ಫಿಂಚ್ ಮತ್ತು ಕಾರ್ಡಿನಲ್‌ಗಳ ದಪ್ಪ ಕೊಕ್ಕು ಕೂತಲ್ಲೇ ಸೂರ್ಯಕಾಂತಿಯ ಸಿಪ್ಪೆಯನ್ನು ಸೀಳಬಲ್ಲದು. ಚಿಕಡೀಯ ಸಣ್ಣ ಕೊಕ್ಕಿಗೆ ಅದು ಸಾಧ್ಯವಿಲ್ಲ. ಬೈನಾಕ್ಯುಲರಿನಲ್ಲಿ ಅದರ ಬೆನ್ನು ಹತ್ತಿ ನೋಡಿ: ಮೊದಲು ಎರಡು ಮೂರು ಕಾಳುಗಳನ್ನು ಕಚ್ಚಿ, ಹಗುರವೆನಿಸಿದ್ದನ್ನು ಬೀಳಿಸಿ, ತೂಕವಿರುವುದನ್ನು ಆರಿಸುತ್ತದೆ, ಹತ್ತಿರದ ರೆಂಬೆಗೆ ಹಾರಿ ಕಾಳನ್ನು ಎರಡೂ ಪಾದಗಳ ನಡುವೆ ಒತ್ತಿ ಹಿಡಿದು, ಇಡೀ ಮೈ ಬಗ್ಗಿಸಿ ಕುಟ್ಟುತ್ತದೆ, ಸಿಪ್ಪೆ ಬಿರಿದ ಮೇಲೆ ತಿರುಳನ್ನು ಚೂರು ಚೂರಾಗಿ ಕೀಳುತ್ತದೆ. ಕೆಲವು ಕಾಳುಗಳನ್ನು ಅದು ತಿನ್ನದೆ ತೊಗಟೆಯ ಬಿರುಕಿಗೋ ಕಲ್ಲುಹೂವಿನ ಅಡಿಗೋ ತುರುಕಿ ಬರುತ್ತದೆ. ಹೀಗೆ ಬಚ್ಚಿಟ್ಟ ಜಾಗಗಳನ್ನು ವಾರಗಟ್ಟಲೆ ನೆನಪಿಟ್ಟುಕೊಳ್ಳುವ ಶಕ್ತಿ ಅದಕ್ಕಿದೆ. ಇನ್ನೊಂದು ಕಾರಣ ಗುಂಪಿನೊಳಗಿನ ಮೇಲುಕೀಳು: ಹಿರಿಯ ಹಕ್ಕಿ ಬಂದೊಡನೆ ಕಿರಿಯದು ಜಾಗ ಬಿಡಲೇಬೇಕು.

ಸುಮಾರು ಹನ್ನೊಂದು ಗ್ರಾಂ ತೂಗುವ ಈ ಜೀವಿ ಹಗಲಲ್ಲಿ ಕೂಡಿಹಾಕಿದ ಕೊಬ್ಬಿನ ಬಹುಪಾಲನ್ನು ಒಂದೇ ರಾತ್ರಿಯಲ್ಲಿ ಉರಿಸುತ್ತದೆ. ಹಗಲಲ್ಲಿ 42 ಡಿಗ್ರಿಯ ಆಸುಪಾಸಿನಲ್ಲಿರುವ ತನ್ನ ಮೈಬಿಸಿಯನ್ನು ಕಡುಚಳಿಯ ರಾತ್ರಿಯಲ್ಲಿ ಹತ್ತು ಡಿಗ್ರಿಯಷ್ಟು ಇಳಿಸಿಕೊಂಡು ಶಕ್ತಿಯನ್ನು ಉಳಿಸುತ್ತದೆ. ಬೆಳಗಾದೊಡನೆ ಮತ್ತು ಸಂಜೆಗೆ ಮುನ್ನ ನಿಮ್ಮ ಫೀಡರಿನಲ್ಲಿ ಕಾಣುವ ಆ ಅವಸರಕ್ಕೆ ಇದೇ ಕಾರಣ. ನೋಡುವುದಕ್ಕೂ ಅದೇ ಹೊತ್ತು ಒಳ್ಳೆಯದು.

ಮಗಳ ಎಣಿಕೆಯ ಶ್ರದ್ಧೆ ಮೆಚ್ಚತಕ್ಕದ್ದೇ, ಆದರೆ ಅವಳು ಎಣಿಸಿದ್ದು ಭೇಟಿಗಳನ್ನು, ಹಕ್ಕಿಗಳನ್ನಲ್ಲ. ಕಾರ್ನೆಲ್ ಪಕ್ಷಿಶಾಸ್ತ್ರ ಪ್ರಯೋಗಾಲಯ ಮತ್ತು ಬರ್ಡ್ಸ್ ಕೆನಡಾ ಜೊತೆಗೂಡಿ ನಡೆಸುವ ಪ್ರಾಜೆಕ್ಟ್ ಫೀಡರ್‌ವಾಚ್, ಅಂದರೆ 1976ರಲ್ಲಿ ಕೆನಡಾದ ಒಂಟಾರಿಯೊದಲ್ಲಿ ಆರಂಭವಾಗಿ 1987ರಿಂದ ಉತ್ತರ ಅಮೆರಿಕದಾದ್ಯಂತ ಹಬ್ಬಿದ ಗಣತಿ, ಒಂದು ಸರಳ ನಿಯಮವನ್ನು ಇಟ್ಟುಕೊಂಡಿದೆ: ಒಂದು ಜಾತಿಯ ಹಕ್ಕಿಗಳು ಒಮ್ಮೆಗೇ ಎಷ್ಟು ಕಂಡವೋ ಆ ಗರಿಷ್ಠ ಸಂಖ್ಯೆಯನ್ನಷ್ಟೇ ಬರೆಯಬೇಕು, ಕೂಡಿಸಬಾರದು. ಒಮ್ಮೆಗೇ ಐದು ಕಂಡಿದ್ದರೆ ಲೆಕ್ಕ ಐದು. ನವೆಂಬರ್‌ನಿಂದ ಏಪ್ರಿಲ್‌ವರೆಗೆ ನಡೆಯುವ ಈ ಗಣತಿಗೆ ಅವಳು ಸೇರಿದರೆ ನೋಟವೂ ಪಳಗುತ್ತದೆ.

ಅನ್ನ, ಚಪಾತಿ ಬೇಡ. ಕಾಗೆಗೆ ಎಡೆಯಿಡುವ ನಮಗೆ ಇದು ಕಠಿಣವೆನಿಸಬಹುದು. ಆದರೆ ಉಪ್ಪು, ಒಗ್ಗರಣೆ ಬೆರೆತ ಆಹಾರ ಈ ಹಕ್ಕಿಗಳದ್ದಲ್ಲ, ಮಿಕ್ಕದ್ದು ಇಲಿಗಳನ್ನು ಕರೆಯುತ್ತದೆ. ಕಪ್ಪು ಸಿಪ್ಪೆಯ, ಎಣ್ಣೆಯಂಶ ಹೆಚ್ಚಿರುವ ಸೂರ್ಯಕಾಂತಿ ಬೀಜವೇ ಉತ್ತಮ. ಅಂಗಡಿಯಲ್ಲಿ ನೈಜರ್ ಎಂದು ದುಬಾರಿ ಬೆಲೆಗೆ ಮಾರುವ ತೆಳುವಾದ ಕಪ್ಪು ಕಾಳು ನಮ್ಮ ಹುಚ್ಚೆಳ್ಳೇ, ಉತ್ತರ ಕರ್ನಾಟಕದಲ್ಲಿ ಚಟ್ನಿಪುಡಿಯಾಗುವ ಗುರೆಳ್ಳು. ಗೋಲ್ಡ್‌ಫಿಂಚ್‌ಗಳಿಗೆ ಬಲು ಇಷ್ಟ. ಮರಕುಟಿಗಗಳಿಗಾಗಿ ಮಾರುವ ಸೂಯೆಟ್ ಸಾಮಾನ್ಯವಾಗಿ ದನದ ಕೊಬ್ಬು. ಅದು ಮನೆಗೆ ಒಗ್ಗದಿದ್ದರೆ ಉಪ್ಪಿಲ್ಲದ ಕಡಲೆಕಾಯಿ ಬೀಜ ಸಾಕು.

ನನ್ನ ಮಟ್ಟಿಗೆ, ಹಸಿವಿಗಿಂತ ಹೆಚ್ಚು ಚಿಂತಿಸಬೇಕಾದದ್ದು ಕೊಳೆ ಮತ್ತು ಗಾಜಿನ ಬಗ್ಗೆ. ಕಣ್ಣು ಊದಿಸಿ ಹೌಸ್ ಫಿಂಚ್‌ಗಳನ್ನು ಕುರುಡಾಗಿಸುವ ಮೈಕೊಪ್ಲಾಸ್ಮ ಎಂಬ ಬ್ಯಾಕ್ಟೀರಿಯಾದ ಸೋಂಕು 1994ರಲ್ಲಿ ವಾಷಿಂಗ್ಟನ್ ನಗರದ ಸುತ್ತ ಕಾಣಿಸಿಕೊಂಡು ದೂರದವರೆಗೆ ಹರಡಿತು. ಹಲವು ಹಕ್ಕಿಗಳು ಮುಖ ತೂರಿಸುವ ಫೀಡರ್ ಅಂಥ ಸೋಂಕಿಗೆ ಸುಲಭದ ದಾರಿ. ಎರಡು ವಾರಕ್ಕೊಮ್ಮೆ ಒಂಬತ್ತು ಪಾಲು ನೀರಿಗೆ ಒಂದು ಪಾಲು ಬ್ಲೀಚ್ ಬೆರೆಸಿ ತೊಳೆದು, ಚೆನ್ನಾಗಿ ಜಾಲಿಸಿ, ಪೂರ್ತಿ ಒಣಗಿದ ಮೇಲೆ ಕಾಳು ತುಂಬಿ. ಫೀಡರ್ ಕಿಟಕಿಯಿಂದ ಮೂರು ಅಡಿಯೊಳಗಿರಲಿ, ಇಲ್ಲವೇ ಮೂವತ್ತು ಅಡಿಗಿಂತ ದೂರವಿರಲಿ. ಈ ನಡುವಿನ ದೂರದಲ್ಲಿ ಬೆದರಿ ಹಾರಿದ ಹಕ್ಕಿಗೆ ಗಾಜಿಗೆ ಅಪ್ಪಳಿಸಿ ಸಾಯುವಷ್ಟು ವೇಗ ಬಂದುಬಿಡುತ್ತದೆ. ಹೊರಡುವ ಹಿಂದಿನ ದಿನ ಫೀಡರನ್ನು ಬರಿದು ಮಾಡಿ, ತೊಳೆದು ಒಳಗಿಟ್ಟು, ಅಡಿಯಲ್ಲಿ ಬಿದ್ದ ಸಿಪ್ಪೆಯನ್ನೂ ಗುಡಿಸಿಬಿಡಿ. ಹಿಂತಿರುಗಿ ತೂಗುಹಾಕಿದ ಮೇಲೆ ಒಂದೆರಡು ದಿನ ಯಾವ ಹಕ್ಕಿಯೂ ಬಾರದಿದ್ದರೆ ಗಾಬರಿ ಬೇಡ. ಚಿಕಡೀಗಳೇ ಮೊದಲು ಪತ್ತೆ ಹಚ್ಚುತ್ತವೆ.